ಗುಹೆಯ ದೋಣಿಯಲ್ಲಿ ಹೆಚ್ಚುವರಿ ಒಬ್ಬರು

ಓರ್ಲಾಂಡೊದ ಪಾರ್ಕುಗಳಲ್ಲಿ ದೋಣಿ, ಗಾಡಿ, ತೊಟ್ಟಿಲುಗಳನ್ನು ನಡೆಸುವ ಕೆಲಸಗಾರರು ಊಟದ ಬಿಡುವಿನಲ್ಲಿ ಹೊಸಬರಿಗೆ ಹೇಳುವ ಕತೆಗಳು ಹಲವಿವೆ. ಅವುಗಳಲ್ಲಿ ಲೆನೋರಾ ಪಿಕೆಟ್ಟಳ ಕತೆಯನ್ನು ನಗುತ್ತ ಶುರುಮಾಡುವವರುಂಟು, ನಗುತ್ತ ಮುಗಿಸಿದವರಿಲ್ಲ.

ಬ್ಲೂ ಹೆರಾನ್ ಪಾರ್ಕಿನಲ್ಲಿ ಸವಾರಿಗಳ ಬುಕಿಂಗ್ ಬೆಳಗಿನ ಏಳಕ್ಕೆ ಫೋನಿನಲ್ಲಿ ತೆರೆಯುತ್ತಿತ್ತು. ಬೆರಳು ಚುರುಕಾಗಿದ್ದವರಿಗೆ ಇಂಥ ಸವಾರಿ, ಇಂಥ ಗಂಟೆ ಎಂದು ನಿಗದಿಯಾಗುತ್ತಿತ್ತು; ಉಳಿದವರಿಗೆ ಬಿಸಿಲಿನ ಸರತಿ. ಬುಕ್ ಮಾಡಿದ ಗಂಟೆಯಲ್ಲಿ ಸವಾರಿಯೇನಾದರೂ ಕಾಲು ಗಂಟೆಗಿಂತ ಹೆಚ್ಚು ಹೊತ್ತು ನಿಂತುಹೋದರೆ, ಪಾರ್ಕು ಕ್ಷಮೆ ಕೇಳುವ ಬಗೆಯಾಗಿ ಆ ಬುಕಿಂಗನ್ನು ಮುಕ್ತ ಚೀಟಿಯಾಗಿ ಬದಲಿಸಿ ಫೋನಿಗೆ ಕಳಿಸುತ್ತಿತ್ತು. ಮುಕ್ತ ಚೀಟಿ ಇದ್ದವರು ಆ ದಿನ ಯಾವ ಸವಾರಿಗಾದರೂ ಸರತಿ ದಾಟಿ ಹೋಗಬಹುದು. ಬೆಳಿಗ್ಗೆ ಎರಡೇ ನಿಮಿಷದಲ್ಲಿ ಸೀಟು ಖಾಲಿಯಾಗಿಬಿಡುವ ಸಿಡಿಲುಗುಡ್ಡ ಎಂಬ ಗಾಡಿಗೂ ಹೋಗಬಹುದು. ಹೀಗಾಗಿ ನಡೆಯುವ ಸವಾರಿಗಿಂತ ಕೆಟ್ಟುನಿಂತ ಸವಾರಿಗೇ ಬೆಲೆ ಹೆಚ್ಚು ಎಂಬುದನ್ನು ಬಲ್ಲವರು ಬೇಗನೆ ಕಂಡುಕೊಂಡರು.

ಎಲ್ಲರಿಗಿಂತ ಮೊದಲು ಕಂಡುಕೊಂಡವಳು ಲೆನೋರಾ. ದೂರದ ಊರುಗಳಿಂದ ಬರುವ ಸಿರಿವಂತ ಮನೆಯವರನ್ನು ಪಾರ್ಕಿನಲ್ಲಿ ಸುತ್ತಾಡಿಸುವುದು ಅವಳ ಕಸುಬು. ಅದು ಪಾರ್ಕಿನ ನಿಯಮಕ್ಕೆ ವಿರುದ್ಧವೇ. ಸಿಕ್ಕಿಬಿದ್ದವರ ಹೆಸರು ಬಾಗಿಲಿನ ಪಟ್ಟಿ ಸೇರಿ, ಅವರು ಮತ್ತೆ ಜನ್ಮದಲ್ಲಿ ಒಳಗೆ ಕಾಲಿಡುವಂತಿರಲಿಲ್ಲ. ಆದ್ದರಿಂದ ಅವಳು ಗಿರಾಕಿಗಳನ್ನು ಚಿಕ್ಕಪ್ಪನ ಮಕ್ಕಳು ಎನ್ನುತ್ತಿದ್ದಳು. ಬಾಗಿಲು ಕಾಯುವವರು ಅವಳಿಗೆ ಎಷ್ಟು ಚಿಕ್ಕಪ್ಪಂದಿರು ಎಂದು ಕೇಳುವುದನ್ನು ಬಿಟ್ಟು ವರ್ಷಗಳಾಗಿದ್ದವು. ಗುಡುಗು ಬಂದರೆ ಯಾವ ಗಾಡಿ ನಿಲ್ಲುತ್ತದೆ, ಹಳಿಯ ಮೇಲೆ ಬಾತುಕೋಳಿ ಕೂತರೆ ಯಾವುದನ್ನು ತಡೆಯುತ್ತಾರೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ನಿಲ್ಲಬಹುದಾದದ್ದನ್ನೇ ಹುಡುಕಿ ಬುಕ್ ಮಾಡಿ, ನಿಲ್ಲುವವರೆಗೆ ನೆರಳಲ್ಲಿ ಕೂತಿರುತ್ತಿದ್ದಳು. ಅಷ್ಟರಮಟ್ಟಿಗೆ ಅದು ಹವಾಮಾನ ಓದುವವರ ಜಾಣತನವೇ ಆಗಿತ್ತು, ಯಾರೂ ತಪ್ಪೆನ್ನಲಿಲ್ಲ.

ಅವಳ ಗಂಡ ಆರ್ವಿಲ್ ಅದೇ ಪಾರ್ಕಿನ ಮುತ್ತಿನ ಗುಹೆಯಲ್ಲಿ ಹತ್ತೊಂಬತ್ತು ವರ್ಷ ದೋಣಿ ನಡೆಸಿದವನು. ಕತ್ತಲೆಯ ಕಾಲುವೆಯಲ್ಲಿ ಆರು ಸಾಲಿನ ದೋಣಿಗಳು ತೇಲಿ ಹೋಗಿ ಬರುವ ಹಳೆಯ ಸವಾರಿ ಅದು. ಜನ ಅಲ್ಲಿಗೆ ತಮ್ಮವರ ಚಿತಾಭಸ್ಮವನ್ನು ಕದ್ದು ತಂದು ಚೆಲ್ಲುತ್ತಾರೆ ಎಂಬುದನ್ನು ಅವಳಿಗೆ ಹೇಳಿದವನು ಅವನೇ. ಬೂದಿ ಕಂಡರೆ ಗುಹೆಯನ್ನು ಒಂದು ಗಂಟೆಯಾದರೂ ಮುಚ್ಚಬೇಕು. ಧೂಳು ಹೀರುವ ಸೋಸುಬಟ್ಟೆಯ ಯಂತ್ರ ತಂದು ಬೂದಿಯನ್ನು ಹೀರಿ, ಚೀಲಕ್ಕೆ ಮೊಹರು ಹಾಕಿ, ಸುಡುವ ಕಸಕ್ಕೆ ಕಳಿಸಬೇಕು. ದೋಣಿಯವರಲ್ಲಿ ಇದಕ್ಕೊಂದು ವಾಡಿಕೆಯೂ ಇತ್ತು. ಹತ್ತಿದವರ ಲೆಕ್ಕವೂ ಇಳಿದವರ ಲೆಕ್ಕವೂ ಪಟ್ಟಿಯಲ್ಲಿ ಹೊಂದಲೇಬೇಕು. ಬೂದಿ ಸಿಕ್ಕ ದಿನ ಮಾತ್ರ ಅವರು ಟೋಪಿ ತೆಗೆದು, ಹತ್ತಿದವರ ಸಾಲಿನ ಪಕ್ಕದಲ್ಲಿ ‘ಹೆಚ್ಚುವರಿ ಒಬ್ಬರು’ ಎಂದು ಬರೆಯುತ್ತಿದ್ದರು. ಇಳಿದವರ ಸಾಲನ್ನು ಹಾಗೆಯೇ ಬಿಡುತ್ತಿದ್ದರು.

ಆರ್ವಿಲ್ಲನಿಗೆ ಅಂಥ ಆಸೆ ಇರಲಿಲ್ಲ. “ಸತ್ತ ಮೇಲೂ ನಂಗೆ ಡ್ಯೂಟಿ ಹಾಕ್ಬೇಡ ಕಣೇ. ಜಾರ್ಜಿಯಾಗೆ ತಗೊಂಡ್ಹೋಗಿ ಅಪ್ಪನ ಪಕ್ಕ ಇಟ್ಬಿಡು,” ಎಂದಿದ್ದ. ಜನವರಿಯಲ್ಲಿ ಅವನ ಎದೆ ನಿಂತಿತು. ಈಸ್ಟರ್ ಕಳೆದ ಶನಿವಾರ ಊರಿನ ಇಗರ್ಜಿಯ ಅಂಗಳದಲ್ಲಿ ಹೂಳುವುದೆಂದೂ, ಅಲ್ಲಿಯವರೆಗೆ ಭಸ್ಮದ ಮರದ ಪೆಟ್ಟಿಗೆ ಲೆನೋರಾಳ ಮನೆಯಲ್ಲೇ ಇರಲೆಂದೂ, ತಾನೇ ಬಂದು ಮಗನನ್ನು ಕರೆದೊಯ್ಯುವುದೆಂದೂ ಎಂಬತ್ತೊಂದರ ತಾಯಿ ಹೆಸ್ಟರ್ ಫೋನಿನಲ್ಲಿ ಗೊತ್ತುಮಾಡಿದಳು.

ಆ ವಸಂತದಲ್ಲಿ ಗುಡುಗೇ ಬರಲಿಲ್ಲ. ಗಾಡಿಗಳು ಒಂದೂ ನಿಲ್ಲಲಿಲ್ಲ. ಕನೆಕ್ಟಿಕಟ್ಟಿನಿಂದ ಬಂದ ಗಿರಾಕಿಯೊಬ್ಬಳು ಮಧ್ಯಾಹ್ನದ ಹೊತ್ತಿಗೆ ಬೀಸಣಿಗೆ ಮಡಚಿ, “ನಿಮ್ ಜೊತೆ ಬಂದ್ರೆ ಸರತಿನೇ ಇರಲ್ಲ ಅಂತ ಹೇಳಿದ್ರು. ನಮ್ಮನೆ ಅಡುಗೆಯವಳನ್ನ ಕರ್ಕೊಂಬಂದಿದ್ರೂ ಇಷ್ಟು ಹೊತ್ತು ನಿಲ್ಸೋದು ಅವಳಿಗೂ ಬರ್ತಿತ್ತು,” ಎಂದಳು. ಮಾತು ಲೆನೋರಾಳಿಗೆ ನಾಟಿತು. ಮರುದಿನ ಅವಳು ಹಿತ್ತಲಿನಲ್ಲಿ ಮಾಂಸ ಸುಡುವ ಒಲೆಯ ಬೂದಿಯನ್ನು ಪುದೀನ ಮಿಠಾಯಿಯ ಡಬ್ಬಿಯಲ್ಲಿ ತುಂಬಿಕೊಂಡು ಹೋಗಿ, ಗುಹೆಯ ಕತ್ತಲಲ್ಲಿ ದೋಣಿಯ ಹಿಂದಿನ ಸಾಲಿಗೆ ಚೆಲ್ಲಿದಳು.

ಗುಹೆಯನ್ನು ಗುಡಿಸುವ ಮಿಲಾಗ್ರೋಸ್ ಎಂಬ ಪೋರ್ಟೊ ರಿಕೊ ಕಡೆಯ ಹೆಂಗಸು ಬಂದು, ಬೆರಳಲ್ಲಿ ಉಜ್ಜಿ ಮೂಸಿದಳು. “ಇದು ಯಾರ್ದೂ ಅಲ್ಲ, ಹಂದಿ ಪಕ್ಕೆಲುಬಿಂದು,” ಎಂದಳು. “ಮನುಷ್ಯರ ಬೂದಿ ಮರಳಿನ ಥರ ತರಿತರಿ ಇರುತ್ತೆ. ಭಾರಾನೂ ಇರುತ್ತೆ. ಇದು ಊದಿದ್ರೆ ಹಾರುತ್ತೆ, ಹಿಕರಿ ಸೌದೆ ವಾಸ್ನೆ ಬೇರೆ.” ಎಂಟು ನಿಮಿಷದಲ್ಲಿ ಗುಡಿಸಿ ಮುಗಿಯಿತು. ಕಾಲು ಗಂಟೆ ಆಗಲಿಲ್ಲ, ಚೀಟಿ ಬರಲಿಲ್ಲ.

ಆ ಸಂಜೆ ಅಡುಗೆಮನೆಯ ಕಪಾಟಿನ ಮೇಲಿದ್ದ ಪೆಟ್ಟಿಗೆಯನ್ನು ಲೆನೋರಾ ಕೆಳಗಿಳಿಸಿದಳು. ಒಳಗೆ ದಪ್ಪ ಪ್ಲಾಸ್ಟಿಕ್ಕಿನ ಚೀಲ, ಬಾಯಿಗೆ ಸುತ್ತಿದ ತಂತಿ. ಆರ್ವಿಲ್ ದೊಡ್ಡ ಆಳು. ಅರ್ಧ ಲೋಟ ತೆಗೆದರೆ ಅವನಿಗೇ ಗೊತ್ತಾಗಲಾರದು ಎಂದುಕೊಂಡಳು. ಸಕ್ಕರೆ ಅಳೆಯುವ ಲೋಟವನ್ನು ತೆಗೆದುಕೊಂಡಳು; ಆಮೇಲೆ ಅದನ್ನು ಸಕ್ಕರೆಗೆ ಬಳಸದೆ ಬೇರೆಯಾಗಿ ಇಟ್ಟಳು. ಅಷ್ಟು ಮರ್ಯಾದೆಯನ್ನು ಅವಳು ಕೊನೆಯವರೆಗೂ ಕಾಪಾಡಿಕೊಂಡಳು.

ಕೆಲಸ ಸಲೀಸಾಗಿ ನಡೆಯಿತು. ಗುಹೆಯ ದೀಪಗಳು ಹತ್ತಿದವು, ಆರ್ವಿಲ್ಲನ ಜೊತೆಗಾರ ರೂಫಸ್ ಟ್ಯಾಲಿ ಟೋಪಿ ತೆಗೆದು ಪಟ್ಟಿಯಲ್ಲಿ ಬರೆದ, ಗಿರಾಕಿಗಳ ಫೋನುಗಳು ಒಂದೊಂದಾಗಿ ಗುಂಯ್‌ಗುಟ್ಟಿದವು. ಲೆನೋರಾಳ ಹೆಸರು ಮತ್ತೆ ಮೇಲೇರಿತು. ವಾರಕ್ಕೊಮ್ಮೆ ಎಂದುಕೊಂಡದ್ದು ವಾರಕ್ಕೆರಡಾಯಿತು, ಅರ್ಧ ಲೋಟ ಎಂದುಕೊಂಡದ್ದು ಡಬ್ಬಿ ತುಂಬ ಆಯಿತು. ಇದನ್ನು ಹೇಳುವವರಲ್ಲಿ ಕೆಲವರು ಏಳು ಸಲ ಎನ್ನುತ್ತಾರೆ, ಕೆಲವರು ಒಂಬತ್ತು. ರೂಫಸನ ಪಟ್ಟಿಯಲ್ಲಿ ಆ ವಸಂತದಲ್ಲಿ ಒಂಬತ್ತು ಹೆಚ್ಚುವರಿಗಳಿದ್ದುದು ನಿಜ. ಒಂಬತ್ತೂ ಒಬ್ಬನೇ ಎಂದು ಆಗ ಅವನಿಗೆ ತಿಳಿದಿರಲಿಲ್ಲ.

“ಈ ವರ್ಷ ಸತ್ತವರಿಗೆಲ್ಲ ನಮ್ ಗುಹೆನೇ ಬೇಕಂತೆ,” ಎಂದ ಅವನು ಲೆನೋರಾಳಿಗೆ ಒಂದು ದಿನ. “ಬೇರೆ ಸವಾರಿಯವರಿಗೆ ಹೊಟ್ಟೆಕಿಚ್ಚು. ಮತ್ತೆ ನೀನೂ ನಿನ್ ಚಿಕ್ಕಪ್ಪನ ಮಕ್ಕಳೂ ಯಾವಾಗ್ಲೂ ಆ ಹೊತ್ತಿಗೇ ಬುಕ್ ಮಾಡಿರ್ತೀರ. ನಿನ್ ಅದೃಷ್ಟಕ್ಕೆ ಏನ್ ಹೇಳ್ಬೇಕು ತಾಯಿ.”

“ನಿಯಮ ನಾನು ಮಾಡಿದ್ನಾ?” ಎಂದಳು ಲೆನೋರಾ. “ಪಾರ್ಕಿನವರು ಮಾಡಿದ್ದು. ಮಳೆ ಎಲ್ಲಿ ಸುರಿಯುತ್ತೋ ಅಲ್ಲಿ ಬಕೆಟ್ ಇಡ್ತೀನಿ, ಅಷ್ಟೇ.”

“ಇಡು. ಆದ್ರೆ ಸಿಡಿಲುಗುಡ್ಡದಲ್ಲಿ ಒಂದು ಗಾಡಿಗೆ ಇಪ್ಪತ್ನಾಲ್ಕೇ ಸೀಟು. ನಿನ್ ಆರು ಜನ ಮುಂದೆ ಹೋದ್ರೆ ಬಿಸಿಲಲ್ಲಿ ನಿಂತಿರೋ ಆರು ಜನ ಹಿಂದಕ್ಕೆ ಹೋಗ್ತಾರೆ. ಅವರ ಮುಖ ನೀನು ನೋಡಲ್ಲ, ನಾವು ನೋಡ್ತೀವಿ.”

“ಅವರೂ ಏಳು ಗಂಟೆಗೆ ಏಳ್ಲಿ.”

ಆ ಹೊತ್ತಿಗೆ ಮುಚ್ಚಿದ ಗುಹೆಯ ಸರತಿಯನ್ನು ಖಾಲಿ ಮಾಡಿಸುತ್ತಿದ್ದರು. ಒಂದೂವರೆ ಗಂಟೆ ನಿಂತಿದ್ದ ಅಪ್ಪನೊಬ್ಬ, ಹೆಗಲ ಮೇಲೆ ಮಲಗಿದ್ದ ಮಗಳೊಡನೆ, ನಾಳೆ ಇದನ್ನು ತೆರೆಯುತ್ತಾರೆಯೇ ಎಂದು ಲೆನೋರಾಳನ್ನೇ ಕೇಳಿದ. ತೆರೆಯುತ್ತಾರೆ ಎಂದಳು. ನಮ್ಮ ಬಸ್ಸು ಇವತ್ತು ಸಾಯಂಕಾಲವೇ ಎಂದ. ಅವಳು ಬ್ಯಾಗಿನಿಂದ ಮಿಠಾಯಿ ತೆಗೆದು ಹುಡುಗಿಗೆ ಕೊಟ್ಟಳು. ಡಬ್ಬಿ ಬೇರೆ, ಮಿಠಾಯಿ ಬೇರೆ. ಅದರಲ್ಲಿ ಅವಳು ಎಚ್ಚರ ತಪ್ಪುವವಳಲ್ಲ.

ಹೂಳುವ ವಾರದ ಗುರುವಾರ ಹೆಸ್ಟರ್ ಬಂದಳು, ಅಣ್ಣನ ಮಗನ ಟ್ರಕ್ಕಿನಲ್ಲಿ. ಹಿಂದಿನ ದಿನವೇ ಲೆನೋರಾ ಚೀಲದಲ್ಲಿ ಉಳಿದಿದ್ದ ಒಂದು ಹಿಡಿಯನ್ನು ಮಿಠಾಯಿ ಡಬ್ಬಿಗೆ ಸುರಿದುಕೊಂಡು, ಒಲೆಯ ಬೂದಿಯನ್ನು ಎರಡು ಸಲ ಜರಡಿ ಹಿಡಿದು, ಚೀಲದ ತುಂಬ ಒತ್ತಿ ತುಂಬಿ, ತಂತಿ ಸುತ್ತಿದ್ದಳು. ಮುದುಕಿ ಪೆಟ್ಟಿಗೆಯನ್ನು ಮಡಿಲಿಗೆ ತೆಗೆದುಕೊಂಡು, ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿದಳು.

“ಹಗುರಾಗಿದಾನೆ,” ಎಂದಳು.

“ಅಷ್ಟೇ ಉಳಿಯೋದು ಅತ್ತೆ.”

“ಹುಟ್ಟಿದಾಗ ಇದಕ್ಕಿಂತ ಭಾರ ಇದ್ದ. ಸೂಲಗಿತ್ತಿ ಬೈದಿದ್ಲು ನಂಗೆ, ಏನ್ ತಿಂದಿದ್ದೆ ಅಂತ.” ಮುಚ್ಚಳವನ್ನು ಅಂಗೈಯಿಂದ ಒರೆಸಿದಳು. “ಹೊರಡೋಕ್ ಮುಂಚೆ ಅವನು ಕೆಲಸ ಮಾಡ್ತಿದ್ದ ಜಾಗ ನೋಡ್ಬೇಕು ನಾನು. ಹತ್ತೊಂಬತ್ತು ವರ್ಷ ಬಾ ಅಮ್ಮಾ, ಬಾ ಅಮ್ಮಾ ಅಂತ ಕರೆದ. ಕೋಳಿ, ಹಸು, ಇಗರ್ಜಿ ಅಂದ್ಕೊಂಡು ಬರ್ಲೇ ಇಲ್ಲ. ಒಂದ್ಸಲ ಅವನ ದೋಣೀಲಿ ಕೂತು, ಬಂದೆ ಕಣೋ ಅಂತ ಹೇಳಿ, ಕರ್ಕೊಂಡ್ಹೋಗ್ತೀನಿ.”

“ಅಲ್ಲಿಗೆ ಬೂದಿ ಬಿಡಲ್ಲ ಅತ್ತೆ.”

“ನಾನೇನು ಚೆಲ್ಲೋಕ್ ಹೋಗ್ತೀನೇನೇ? ತೋರ್ಸೋಕ್ ಹೋಗ್ತಿರೋದು. ಶಾಲಿನ ಕೆಳಗೆ ಮಡಿಲಲ್ಲಿರ್ತಾನೆ, ಚಿಕ್ಕೋನಿದ್ದಾಗ ಇರ್ತಿದ್ನಲ್ಲ, ಹಾಗೆ.”

ಮಾರನೆಯ ದಿನ ಶುಕ್ರವಾರ ಲೆನೋರಾಳಿಗೆ ಗಿರಾಕಿಗಳಿದ್ದರು. ಥಾರ್ನ್‌ಬರಿ ಎಂಬ ಮನೆತನ. ಅದರ ಯಜಮಾನಿಯ ಮಾತೊಂದರಿಂದ ಮುಂದಿನ ಮೂರು ವರ್ಷದ ಗಿರಾಕಿಗಳು ಬರುವಂತಿತ್ತು. ಅವಳ ಮಗಳಿಗೆ ಹನ್ನೆರಡು ತುಂಬುವ ದಿನ, ಸಿಡಿಲುಗುಡ್ಡವೇ ಬೇಕು. ಏಳು ಗಂಟೆಗೆ ಲೆನೋರಾಳ ಬೆರಳು ಸೋತಿತು. ಗುಡ್ಡದ ಸೀಟುಗಳು ಕಣ್ಣೆದುರೇ ಖಾಲಿಯಾದವು. ಅವಳು ಎಲ್ಲರಿಗೂ ಗುಹೆಯನ್ನು ಹನ್ನೊಂದಕ್ಕೆ ಬುಕ್ ಮಾಡಿದಳು. ತನಗೂ ಅತ್ತೆಗೂ ಕೂಡ. ಬ್ಯಾಗಿನಲ್ಲಿ ಕೊನೆಯ ಡಬ್ಬಿ ಇತ್ತು. ಥಾರ್ನ್‌ಬರಿಗಳನ್ನು ಎದುರಿನ ನಿಂಬೆಪಾನಕದ ಅಂಗಡಿಯಲ್ಲಿ ಕೂರಿಸಿ, ಫೋನ್ ನೋಡುತ್ತಿರಿ ಎಂದಳು.

ಗುಹೆಯ ಬಾಗಿಲಲ್ಲಿ ರೂಫಸ್ ಮುದುಕಿಯ ಕೈಹಿಡಿದು ಮೊದಲ ಸಾಲಿಗೆ ಇಳಿಸಿದ. ಶಾಲಿನ ಕೆಳಗೇನಿದೆ ಎಂಬುದು ಅವನಿಗೆ ಗೊತ್ತಿತ್ತು, ಕಾಣದವನಂತೆ ಇದ್ದ.

“ನೀವು ಕೂತಿರೋ ಈ ನಾಲ್ಕನೇ ನಂಬರ್ ದೋಣಿ ಅವಂದೇ ಅಮ್ಮಾ. ಬೇರೆ ಯಾರಾದ್ರೂ ನಡೆಸಿದ್ರೆ ಸಿಟ್ ಮಾಡ್ಕೋತಿದ್ದ.”

“ಚಿಕ್ಕೋನಿದ್ದಾಗ್ಲೂ ಅಷ್ಟೇ. ತನ್ನ ತಟ್ಟೇಲಿ ಇನ್ನೊಬ್ಬರು ಉಂಡ್ರೆ ಆ ಹೊತ್ತು ಉಪವಾಸ.”

ಲೆನೋರಾ ಮೊದಲ ಸಾಲಿನಲ್ಲಿ ಅತ್ತೆಯ ಪಕ್ಕಕ್ಕೆ ಕೂರದೆ, ತನಗೆ ಮುಂದೆ ಕೂತರೆ ತಲೆ ಸುತ್ತುತ್ತದೆ ಎಂದು ಹಿಂದಿನ ಸಾಲಿಗೆ ಹೋದಳು. ದೋಣಿ ಕತ್ತಲೆಗೆ ಸರಿಯಿತು. ಮುತ್ತುಗಳು ಹೊಳೆದವು, ಬೊಂಬೆ ಮೀನುಗಳು ಬಾಯಿ ತೆರೆದವು. ಮುಂದಿನ ಸಾಲಿನಲ್ಲಿ ಮುದುಕಿ ಸಣ್ಣ ದನಿಯಲ್ಲಿ ಯಾರೊಡನೆಯೋ ಮಾತಾಡುತ್ತಿರುವುದು ನೀರಿನ ಸದ್ದಿನ ಮೇಲೆ ಕೇಳುತ್ತಿತ್ತು. ಒಂದು ಗಳಿಗೆ ಲೆನೋರಾ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ಹಾಗೇ ಕೂತಳು. ಇದೊಂದು ಹಿಡಿಯನ್ನಾದರೂ ಆ ಪೆಟ್ಟಿಗೆಗೆ ಸೇರಿಸಿಬಿಟ್ಟರೆ ಎಂಬ ಯೋಚನೆ ಬಂದದ್ದುಂಟು. ಇದನ್ನು ಹೇಳುವವರು ಅವಳಿಗೆ ಅಷ್ಟನ್ನು ಬಿಟ್ಟುಕೊಡುತ್ತಾರೆ. ಆಮೇಲೆ ಹನ್ನೊಂದೂಕಾಲಾಯಿತು. ಮುಚ್ಚಳ ತೆಗೆದು ಚೆಲ್ಲಿದಳು.

ದೋಣಿ ಆಗ ಸೇರಿದ್ದ ತಿರುವಿನಲ್ಲಿ, ಸಮುದ್ರದ ಬಿರುಗಾಳಿ ತೋರಿಸಲು, ಒಂದು ಫ್ಯಾನು ಇಟ್ಟಿದ್ದರು. ಹಿಂದಿನ ಪ್ರತಿ ಸಲವೂ ಅವಳು ಆ ತಿರುವು ಬರುವ ಮೊದಲೇ ಚೆಲ್ಲಿ ಮುಗಿಸಿದ್ದಳು. ಈ ಸಲ ಯೋಚನೆಗೆ ಕೊಟ್ಟ ಗಳಿಗೆ ಲೆಕ್ಕ ತಪ್ಪಿಸಿತು. ಗಾಳಿ ಬೂದಿಯನ್ನೆತ್ತಿ ಮುಂದಕ್ಕೆ ಎಸೆಯಿತು.

ದೋಣಿ ದಡಕ್ಕೆ ಬಂದಾಗ ಬೆಳಕಿನಲ್ಲಿ ರೂಫಸ್ ಮೊದಲು ಕಂಡದ್ದು ಹೆಸ್ಟರಳ ಹೆಗಲನ್ನು. ಇಗರ್ಜಿಗೆ ತೊಡುವ ಕಡುನೀಲಿ ಅಂಗಿಯ ಮೇಲೆ ಬಿಳಿಬೂದು ತರಿ ಬಿದ್ದಿತ್ತು. “ಎಷ್ಟು ಧೂಳಪ್ಪಾ ನಿಮ್ ಗುಹೇಲಿ,” ಎಂದು ಮುದುಕಿ ಅಂಗೈಯಿಂದ ಅದನ್ನು ಕೊಡವಿದಳು. ಒಂದಷ್ಟು ನೀರಿಗೆ ಬಿತ್ತು. ರೂಫಸ್ ಕೈಯೆತ್ತಿ ದೀಪ ಹಾಕಿಸಿದ, ದೋಣಿಗಳು ನಿಂತವು.

“ಅಮ್ಮಾ, ತಪ್ಪು ತಿಳ್ಕೋಬೇಡಿ. ಪೆಟ್ಟಿಗೆಯಿಂದೇನಾದ್ರೂ ಸ್ವಲ್ಪ…”

ಹೆಸ್ಟರ್ ನೆಟ್ಟಗಾದಳು. “ನಾನು ಚೆಲ್ಲಲ್ಲ ಅಂದ್ಮೇಲೆ ಚೆಲ್ಲಲ್ಲ. ನನ್ ಮಗ ಪೂರ್ತಿ ಇದಾನೆ. ನೋಡ್ಕೋ,” ಎಂದು ಶಾಲು ಸರಿಸಿ, ಮುಚ್ಚಳ ತೆರೆದು, ತಂತಿ ಬಿಚ್ಚಿದಳು. ಬೇಡ ಅತ್ತೆ ಎನ್ನಲು ಲೆನೋರಾಳಿಗೆ ಹೊತ್ತು ಸಿಗಲಿಲ್ಲ.

ಹತ್ತು ನಿಮಿಷದ ಮೇಲೆ ಯಂತ್ರ ಎಳೆದುಕೊಂಡು ಬಂದ ಮಿಲಾಗ್ರೋಸ್ ಚೀಲದೊಳಗೆ ನೋಡಿದಳು. ಮೂಗು ಹತ್ತಿರ ತಂದಳು. ಆಮೇಲೆ ದೋಣಿಯ ನೆಲದಿಂದ ಒಂದು ಚಿಟಿಕೆ ತೆಗೆದು ಉಜ್ಜಿದಳು. ಅವಳು ಕೆಟ್ಟ ಹೆಂಗಸಲ್ಲ. ಕೇಳಿದ್ದಕ್ಕೆ ಉತ್ತರ ಕೊಡುವವಳು.

“ಏನು?” ಎಂದಳು ಹೆಸ್ಟರ್. “ಹೇಳು.”

“ಪೆಟ್ಟಿಗೇಲಿರೋದು ಒಲೆ ಬೂದಿ ಅಜ್ಜಿ. ಮಾಂಸ ಸುಡೋ ಒಲೇದು.”

“ಹಾಗಾದ್ರೆ ನೆಲದ ಮೇಲಿರೋದು?”

“ಅದು ಮನುಷ್ಯರದು.”

ಹೆಸ್ಟರ್ ತನ್ನ ಹೆಗಲನ್ನು ನೋಡಿಕೊಂಡಳು. ಕೊಡವಿದ ಅಂಗೈಯನ್ನು ನೋಡಿಕೊಂಡಳು. ಆಮೇಲೆ, ತಲೆಯೆತ್ತದೆಯೇ, “ಲೆನೋರಾ,” ಎಂದಳು.

ಲೆನೋರಾಳ ಬ್ಯಾಗಿನಲ್ಲಿ ಫೋನು ಗುಂಯ್‌ಗುಟ್ಟಿತು. ಗುಹೆ ನಿಂತು ಕಾಲು ಗಂಟೆ ದಾಟಿತ್ತು, ಮುಕ್ತ ಚೀಟಿ ಬಂದಿತ್ತು.

ರೂಫಸನಿಗೆ ಆ ಸದ್ದಿನಲ್ಲಿ ಇಡೀ ವಸಂತ ತಿಳಿಯಿತು. ಅವನು ಅವಳನ್ನು ಗೋಡೆಯ ಬದಿಗೆ ಕರೆದು, ದನಿ ತಗ್ಗಿಸಿ ಹೇಳಿದ: “ನೆಲದ್ ಮೇಲಿನ ಬೂದಿ ಕಸಕ್ಕೆ ಹೋಗ್ಬಾರ್ದು ಅಂದ್ರೆ ಒಂದೇ ದಾರಿ. ಸತ್ತೋನು ಇಂಥೋನು, ನಾನೇ ಚೆಲ್ಲಿದ್ದು ಅಂತ ಮನೆಯವರೊಬ್ರು ಬರ್ಕೊಡ್ಬೇಕು. ಬರ್ಕೊಡು. ಒಂದು ಹಿಡಿ ಇದ್ರೂ ಅವನೇ. ನಾನೇ ಅಮ್ಮನ ಕೈಗೆ ಕೊಡ್ತೀನಿ.”

“ಬರ್ಕೊಟ್ರೆ?”

“ಬಾಗಿಲಿನ ಪಟ್ಟೀಲಿ ನಿನ್ ಹೆಸರು ಬರುತ್ತೆ. ಬಾಗಿಲಿನ ಆಚೆ ಕಡೆ ಜೀವನ ಇಲ್ವಾ?”

ಫೋನು ಮತ್ತೆ ಗುಂಯ್‌ಗುಟ್ಟಿತು. ಥಾರ್ನ್‌ಬರಿ ಯಜಮಾನಿ: ಚೀಟಿ ಬಂತು, ನೀವು ಅದ್ಭುತ, ಈಗ ಎಲ್ಲಿಗೆ ಬರಬೇಕು? ಲೆನೋರಾ ಅದನ್ನು ಓದಿದಳು. ಅತ್ತೆ ದೋಣಿಯಲ್ಲೇ ಕೂತಿದ್ದಳು. ಹೆಗಲಿನ ಮೇಲಿದ್ದುದು ಬೀಳಬಾರದೆಂದು ಒಂದು ಕಡೆಗೆ ವಾಲಿ ಅಲುಗದೆ ಕೂತು ಸೊಸೆಯನ್ನೇ ನೋಡುತ್ತಿದ್ದಳು. ಕಾಯುತ್ತಿದ್ದಳು.

“ಯಾರದ್ದೋ ಏನೋ,” ಎಂದಳು ಲೆನೋರಾ. “ನಂಗ್ ಹೆಂಗ್ ಗೊತ್ತಾಗ್ಬೇಕು?”

“ಹಾಗಾದ್ರೆ ನಾನ್ ಬರ್ಕೊಡ್ತೀನಿ,” ಎಂದಳು ಹೆಸ್ಟರ್ ದೋಣಿಯಿಂದ. “ಅವನ ತಾಯಿ ನಾನು.”

“ಚೆಲ್ಲಿದವರೇ ಬರೀಬೇಕು ಅಮ್ಮಾ. ನೀವು ಚೆಲ್ಲಿಲ್ವಲ್ಲ,” ಎಂದ ರೂಫಸ್. ಸುಳ್ಳು ಬರೆಯಿರಿ ಎಂದು ಅವನು ಅವಳಿಗೆ ಹೇಳಬಹುದಿತ್ತು. ಆಮೇಲೆ ಎಷ್ಟೋ ವರ್ಷ ಅವನು ಅದನ್ನೇ ನೆನೆದುಕೊಳ್ಳುತ್ತಿದ್ದ. ಆಗ ಹೊಳೆಯಲಿಲ್ಲ, ಮೇಲಧಿಕಾರಿ ಮೆಟ್ಟಿಲಿಳಿದು ಬಂದಾಗಿತ್ತು.

ನೆಲ, ಸೀಟು, ಅಂಚು, ಎಲ್ಲವನ್ನೂ ಯಂತ್ರದಿಂದ ಹೀರಿದ್ದಾಯಿತು. ಬಟ್ಟೆಯ ಮೇಲಿದ್ದುದನ್ನೂ ಬಿಡುವಂತಿಲ್ಲ, ಆರೋಗ್ಯದ ನಿಯಮ ಎಂದ ಅಧಿಕಾರಿ. ಮಿಲಾಗ್ರೋಸ್ ಕಣ್ಣೀರು ಸುರಿಸುತ್ತ ಯಂತ್ರದ ಬಾಯಿಯನ್ನು ಮುದುಕಿಯ ಹೆಗಲಿಗೆ ಹಿಡಿದಳು. ಬಟ್ಟೆ ಎದ್ದು ಪಟಪಟನೆ ಬಡಿಯಿತು. ಹೆಸ್ಟರ್ ಅಲುಗಲಿಲ್ಲ. ಮೊಹರಾದ ಚೀಲವನ್ನು ಹಳದಿ ಡಬ್ಬಕ್ಕೆ ಹಾಕಿ ಹಿಂಬಾಗಿಲಿನಿಂದ ಒಯ್ದರು.

“ಹೋಗು,” ಎಂದಳು ಹೆಸ್ಟರ್. “ನಿನ್ ಜನ ಕಾಯ್ತಿದಾರೆ.”

ಲೆನೋರಾ ಹೋದಳು. ಇದನ್ನು ಮೊದಲ ಸಲ ಕೇಳುವವರು ಇಲ್ಲಿ ನಿಲ್ಲಿಸಿ, ನಿಜವಾಗಿ ಹೋದಳೇ ಎಂದು ಕೇಳುವುದುಂಟು. ಹೋದಳು. ಥಾರ್ನ್‌ಬರಿಗಳನ್ನು ಸರತಿ ದಾಟಿಸಿ ಸಿಡಿಲುಗುಡ್ಡದ ಮೊದಲ ಗಾಡಿಯಲ್ಲಿ ಕೂರಿಸಿದಳು. ಅವರು ಕೂದಲು ಕೆದರಿಕೊಂಡು ಇಳಿದು ಬಂದು, ಹುಟ್ಟುಹಬ್ಬದ ಹುಡುಗಿ ಅವಳನ್ನು ತಬ್ಬಿಕೊಂಡಾಗ, ಅವಳು ಮೆಲ್ಲಗೆ ಬಿಡಿಸಿಕೊಂಡು ನೆರಳಿಗೆ ಸರಿದಳು. ಬಿಸಿಲು ಎಂದಳು.

ಸಂಜೆ ಟ್ರಕ್ಕಿನ ಬಳಿ ಅತ್ತೆ ಪೆಟ್ಟಿಗೆ ಹಿಡಿದೇ ನಿಂತಿದ್ದಳು.

“ನೀನೂ ಹತ್ತು. ನಾಳೆ ಮೂರು ಜಿಲ್ಲೆಯಿಂದ ನೆಂಟರು ಬರ್ತಾರೆ. ಕಲ್ಲಲ್ಲಿ ಹೆಸರು ಕೆತ್ತಿ ಆಗಿದೆ, ಗುಂಡಿ ತೋಡಿ ಆಗಿದೆ. ಹೆಂಡ್ತಿ ಎಲ್ಲಿ ಅಂತ ಕೇಳಿದ್ರೆ ನಾನ್ ಬಾಯ್ಬಿಟ್ ಹೇಳ್ಬೇಕಾಗುತ್ತೆ. ನನ್ ಮಗ ಕಸಕ್ಕೆ ಹೋದ ಅಂತ ನಾನು ನಮ್ ಊರಲ್ಲಿ ಹೇಳಲ್ಲ.”

ಶನಿವಾರ ಮಧ್ಯಾಹ್ನ ಇಗರ್ಜಿಯ ಅಂಗಳದಲ್ಲಿ ಅರವತ್ತು ಜನ ಸೇರಿದರು. ರೂಫಸನೂ ಬಂದಿದ್ದ, ಮುಂದಿನದನ್ನು ನಾವು ಬಲ್ಲದ್ದು ಅವನಿಂದ. ಪಾದ್ರಿ ಒಲೆಯ ಬೂದಿಯ ಮೇಲೆ ಪೂರ್ತಿ ಪ್ರಾರ್ಥನೆ ಓದಿದ. ಪೆಟ್ಟಿಗೆ ಅಪ್ಪನ ಗೋರಿಯ ಪಕ್ಕದ ಗುಂಡಿಗಿಳಿಯಿತು. ತಾಯಿ ಒಂದು ಹಿಡಿ ಮಣ್ಣು ಹಾಕಿದಳು, ಅಣ್ಣನ ಮಗ ಹಾಕಿದ. ಹೆಂಡತಿಯ ಸರದಿ ಬಂದಾಗ ಲೆನೋರಾ ಬಾಗಿ ಮಣ್ಣೆತ್ತಿಕೊಂಡಳು. ಹೆಸ್ಟರ್ ಅವಳ ಮುಂಗೈ ಹಿಡಿದು, ಹತ್ತಿರ ಎಳೆದುಕೊಂಡು, ಹಿಂದೆ ನಿಂತಿದ್ದ ರೂಫಸನಿಗಷ್ಟೇ ಕೇಳುವಂತೆ ಕಿವಿಯಲ್ಲಿ ಹೇಳಿದಳು:

“ನೀನು ಬೇಡ. ನಿಂದು ಹಾಕಿ ಆಗಿದೆ.”

ಹಿಡಿತ ಬಿಡಲಿಲ್ಲ. ಮುಷ್ಟಿಯಲ್ಲಿ ಮಣ್ಣು ಹಾಗೇ ಉಳಿಯಿತು. ಅತ್ತೆ ಸೊಸೆಯನ್ನು ತಬ್ಬಿ ಸಮಾಧಾನ ಮಾಡುತ್ತಿದ್ದಾಳೆಂದು ತಿಳಿದ ನೆಂಟರು, ಇಂಥ ಅತ್ತೆ ಯಾರಿಗುಂಟು ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಕಣ್ಣೊರೆಸಿಕೊಂಡರು.